ಉಳ್ಕಿಯ ಪಾಲು

ಕಳೆದ ವಾರ ಬಡಗಿ ಬಂದು, ಮಳೆಗೆ ಉಬ್ಬಿಕೊಂಡಿದ್ದ ನಮ್ಮ ಅಡುಗೆಮನೆ ಬಾಗಿಲನ್ನು ಕಳಚಿ ಹೆರೆಯಲು ಅಂಗಳಕ್ಕೆ ಒಯ್ದ. ಬಾಗಿಲು ಆಚೆ ಹೋದ ಮೇಲೆ ಅದರ ಹಿಂದಿನ ಗೋಡೆ ಬೆಳಕಿಗೆ ಬಂತು. ನೆಲದಿಂದ ಎರಡು ಅಡಿ ಎತ್ತರದಲ್ಲಿ ಸಣ್ಣ ಸಣ್ಣ ಬೆರಳಚ್ಚುಗಳು. ಕೆಲವು ಅರಿಶಿನದ್ದು, ಕೆಲವು ಸೊಪ್ಪಿನದು, ಒಂದೆರಡು ಬೀಟ್ರೂಟಿನದು. ಎಲ್ಲವೂ ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದವು.

ನನ್ನ ಗಂಡ ತಿಪ್ಪೇಶ್ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು. "ಇದೇನೇ, ಗೋಡೆಗೆ ಉಣ್ಸಿದಂಗೈತಲ್ಲ! ಬಾಗ್ಲು ಹಾಕೋ ಮುಂಚೆ ಒಂದು ಕೈ ಬಣ್ಣ ಹೊಡ್ಸಾಣ" ಎಂದರು. ನಾನು ಬೇಡವೆಂದೆ. ಅವರು ನನ್ನ ಮುಖ ನೋಡಿ ಬಡಗಿಯ ಕಡೆಗೆ ಹೋದರು. ಬೇಡವೆಂದದ್ದಕ್ಕೆ ಕಾರಣ ಅವರಿಗೆ ಅರ್ಧ ಗೊತ್ತು. ಪೂರ್ತಿ ಹೇಳಿದರೆ ರಾತ್ರಿ ನೀರು ಕುಡಿಯಲು ಅಡುಗೆಮನೆಗೆ ಹೋಗುವ ಧೈರ್ಯ ಅವರಿಗೆ ಉಳಿಯುವುದಿಲ್ಲವೆಂದು ನಾನೇ ಬಚ್ಚಿಟ್ಟಿದ್ದೇನೆ. ನಿಮ್ಮ ಮುಂದೆ ಬಚ್ಚಿಡುವುದೇನಿದೆ? ನೀವು ನಿಮ್ಮ ಮನೆಯಲ್ಲಿ ನೀರು ಕುಡಿಯುವವರು.

ಮೊದಲು ನನ್ನ ಕೆಲಸದ ವಿಚಾರ ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಮಾನ ಹೋದದ್ದು ನಿಮಗೆ ಸರಿಯಾಗಿ ತಿಳಿಯುವುದಿಲ್ಲ. ನಾನು ಹೊಸದುರ್ಗದಲ್ಲಿ ಅಂಗನವಾಡಿ ಮೇಲ್ವಿಚಾರಕಿ. ಹಳ್ಳಿ ಹಳ್ಳಿ ಸುತ್ತಿ, ಎಳೆಮಕ್ಕಳ ತಾಯಂದಿರನ್ನು ಚಾಪೆಯ ಮೇಲೆ ಕೂರಿಸಿ, ಮಕ್ಕಳಿಗೆ ಏನು ತಿನ್ನಿಸಬೇಕು, ಹೇಗೆ ತಿನ್ನಿಸಬೇಕು ಎಂದು ಹೇಳುವುದು ನನ್ನ ಹೊಟ್ಟೆಪಾಡು. ಒಂದು ತಟ್ಟೆಯಲ್ಲಿ ಕೆಂಪು ಟೊಮೆಟೊ, ಕಿತ್ತಳೆ ಬಣ್ಣದ ಕ್ಯಾರೆಟ್, ಹಸಿರು ನುಗ್ಗೆಸೊಪ್ಪು, ಮೊಳಕೆ ಹುರುಳಿ, ಸಾಮೆ ಅನ್ನ ಎಲ್ಲವನ್ನೂ ರಂಗೋಲಿಯಂತೆ ಜೋಡಿಸಿ, "ತಟ್ಟೆ ಹಿಂಗಿರಬೇಕು, ಕಾಮನಬಿಲ್ಲಿನಂಗೆ" ಎನ್ನುತ್ತಿದ್ದೆ. ಒಮ್ಮೆ ಮಾಡದಕೆರೆ ಎಂಬ ಹಳ್ಳಿಯಲ್ಲಿ ಹಾಗೆ ಹೇಳಿ ಮುಗಿಸಿದಾಗ, ಹಿಂದೆ ಕೂತಿದ್ದ ಒಬ್ಬ ಬಾಣಂತಿ ಕೂಸನ್ನು ತೊಡೆ ಬದಲಾಯಿಸಿಕೊಂಡು ಕೇಳಿದಳು: "ಮೇಡಮ್ಮರೆ, ನಿಮ್ಮ ಮಗಳು ಏನೇನ್ ಉಣ್ತಾಳ್ರಿ?"

"ಎಲ್ಲಾನೂ ಉಣ್ತಾಳಮ್ಮ" ಎಂದೆ. ಸರ್ಕಾರಿ ಚಾಪೆಯ ಮೇಲೆ ಕೂತು ಹೇಳಿದ ಹಸಿ ಸುಳ್ಳು ಅದು.

ನನ್ನ ಮಗಳು ಇಂಚರಳಿಗೆ ಆಗ ನಾಲ್ಕು ವರ್ಷ ತುಂಬುತ್ತಿತ್ತು. ಅವಳು ಉಣ್ಣುತ್ತಿದ್ದದ್ದು ಬಿಳಿಯ ವಸ್ತುಗಳನ್ನು ಮಾತ್ರ. ಅನ್ನ, ಮೊಸರು, ಹಾಲು, ಚಟ್ನಿ ಸೋಕದ ಇಡ್ಲಿ. ಬಿಸ್ಕತ್ತು ಬಿಳಿಯದಲ್ಲವಲ್ಲ ಎಂದರೆ, ಅದಕ್ಕೆ ಮಾತ್ರ ಅವಳು ವಿನಾಯಿತಿ ಕೊಟ್ಟಿದ್ದಳು. ನಾನು ಮಾಡದ ಕುತಂತ್ರವಿಲ್ಲ. ಪಾಲಕ್ ಸೊಪ್ಪನ್ನು ರುಬ್ಬಿ ಚಪಾತಿ ಹಿಟ್ಟಿಗೆ ಕಲಸಿದೆ. ಬೀಟ್ರೂಟ್ ದೋಸೆ ಹುಯ್ದು ಗುಲಾಬಿ ದೋಸೆ ಎಂದು ಹೆಸರಿಟ್ಟೆ. ಕ್ಯಾರೆಟ್ಟನ್ನು ನಕ್ಷತ್ರದಂತೆ ಕೊಯ್ದೆ. ನುಗ್ಗೆಸೊಪ್ಪನ್ನು ನೆರಳಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಚಿಟಿಕೆಯಷ್ಟನ್ನು ಮೊಸರನ್ನದ ನಡುವೆ ಹೂತಿಟ್ಟೆ. ಅವಳು ಅಜ್ಜಿಯರು ಹೇನು ಹೆಕ್ಕುವ ತಾಳ್ಮೆಯಿಂದ ಅಗುಳು ಅಗುಳನ್ನೂ ಬಿಡಿಸಿ ನೋಡಿ, ತಟ್ಟೆಯನ್ನು ಒಂದೇ ಬೆರಳಿನಿಂದ ನನ್ನ ಕಡೆಗೆ ತಳ್ಳಿದಳು. ಮೊಬೈಲಿನಲ್ಲಿ ಕಾರ್ಟೂನ್ ಹಾಕಿ ತುತ್ತಿಟ್ಟರೆ ಬಾಯಿ ತೆರೆಯುತ್ತಿದ್ದಳು ನಿಜ. ಆದರೆ ನಾಲಿಗೆಗೆ ಹಸಿರು ತಗುಲಿದ್ದೇ ತಡ, ಕಣ್ಣನ್ನು ಪರದೆಯಿಂದ ಕದಲಿಸದೆಯೇ ಉಗಿಯುತ್ತಿದ್ದಳು. ತಿಪ್ಪೇಶ್ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. "ಕುರಿ ಆಗಿದ್ರೆ ಬಾಯಿ ಓರೆ ಮಾಡಿ ಬಿದಿರ ಗೊಟ್ಟದಾಗೆ ಔಷ್ದಿ ಹುಯ್ದಂಗೆ ಹುಯ್ಯಬೋದಿತ್ತು" ಎಂದು ನಿಟ್ಟುಸಿರು ಬಿಟ್ಟು ಬನೀನು ಬದಲಾಯಿಸಿಕೊಂಡು ಬಂದರು. ಅವತ್ತು ಅವರ ಎದೆಯ ಮೇಲೂ ಉಗಿದಿದ್ದಳು.

ನಗು ನಿಂತದ್ದು ಮಕ್ಕಳ ಡಾಕ್ಟರ ಬಳಿ. ಅವರು ಇಂಚರಳ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು. ಅಲ್ಲಿಯೂ ಬಿಳಿ. "ರಕ್ತ ತುಂಬಾ ಕಡಿಮೆ ಐತಮ್ಮ. ಮಣ್ಣು, ಗೋಡೆ ಸುಣ್ಣ ಏನಾದ್ರೂ ತಿಂತಾಳಾ?" ಎಂದು ಕೇಳಿದರು. ಇಲ್ಲವೆಂದೆ. ಟಾನಿಕ್ಕಿನ ಹೆಸರು ಬರೆದುಕೊಟ್ಟು, ಊಟ ಸರಿಹೋಗದಿದ್ದರೆ ಟಾನಿಕ್ಕೊಂದೇ ಸಾಲದು ಎಂದು ಹೇಳಿ, "ತಾವೇನ್ ಕೆಲಸದಲ್ಲಿದೀರಿ?" ಎಂದರು. "ಸರ್ಕಾರಿ ಕೆಲಸ ಸಾರ್" ಎಂದಷ್ಟೇ ಹೇಳಿ, ಮಗುವನ್ನೆತ್ತಿಕೊಂಡು ಬೇಗ ಹೊರಗೆ ಬಂದೆ.

ಉಳ್ಕಿ ಹುಟ್ಟಿದ್ದು ಆ ವಾರದಲ್ಲೇ. ಭಾನುವಾರ ಮಧ್ಯಾಹ್ನ. ತಿಪ್ಪೇಶ್ ಯಾರದೋ ಎಮ್ಮೆ ನೋಡಲು ಹೋಗಿದ್ದರು. ಊರು ಉಂಡು ಮಲಗಿದ ಹೊತ್ತು, ಬೀದಿಯಲ್ಲಿ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಒಂದು ಗಂಟೆಯಿಂದ ನುಗ್ಗೆಸೊಪ್ಪಿನ ಪಲ್ಯದ ಒಂದೇ ತುತ್ತನ್ನು ಹಿಡಿದು ನನ್ನ ಕೈ ಸೋತಿತ್ತು. ಆಗ ಗಾಳಿಗೋ ಏನೋ, ಅಡುಗೆಮನೆ ಬಾಗಿಲು ತಾನಾಗಿ ಒಂದು ಗೇಣು ಕದಲಿತು. ನಾನು ಯೋಚನೆಯನ್ನೇ ಮಾಡಲಿಲ್ಲ. ಮಾತು ಬಾಯಿಗೆ ತಾನಾಗಿ ಬಂತು.

"ಆ ಬಾಗ್ಲ ಹಿಂದೆ ಒಬ್ಳವಳೆ, ಗೊತ್ತಾ?"

"ಯಾರು?"

"ಉಳ್ಕಿ. ಮಕ್ಕಳು ಉಳಿಸಿದ್ದನ್ನೆಲ್ಲ ಅವಳು ತಿಂತಾಳೆ. ನೀನು ಬಿಟ್ಟ ಒಂದೊಂದು ತುತ್ತಿಗೂ ಒಂದೊಂದು ಬೆರಳು ಎತ್ತರ ಆಗ್ತಾಳೆ. ನಿನ್ನಷ್ಟು ಉದ್ದ ಆದ ಮೇಲೆ ನಿನ್ನ ಫ್ರಾಕ್ ಹಾಕ್ಕಂಡು ನಿನ್ನ ಜಾಗದಾಗೆ ಬಂದು ಕುಂತ್ಕಂತಾಳೆ."

ಇಂಚರ ಬಾಗಿಲನ್ನು ನೋಡಿದಳು. ನನ್ನನ್ನು ನೋಡಿದಳು. "ಅದು ನಾನಲ್ಲ ಅಂತ ನಿಂಗೆ ಗೊತ್ತಾಗಲ್ವಾ?" ಎಂದು ಕೇಳಿದಳು.

ಗೊತ್ತಾಗುತ್ತೆ ಮಗಳೇ ಎನ್ನಬೇಕಿತ್ತು. ನಾನು, "ಹೆಂಗೆ ಗೊತ್ತಾಗುತ್ತೆ? ನಿನ್ನಂಗೇ ಇರ್ತಾಳಲ್ಲ" ಎಂದೆ.

ಅವಳು ಬಾಯಿ ತೆರೆದು ಆ ತುತ್ತನ್ನು ತೆಗೆದುಕೊಂಡಳು. ಅಗಿಯಲಿಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡು ಹಾಗೆಯೇ ನುಂಗಿದಳು. ಆ ಕ್ಷಣ ನನಗಾದದ್ದು ಸಂತೋಷ. ಈಗ ನೆನೆದರೆ ಮೈ ಕುಗ್ಗುತ್ತದೆ. ಹೆದರಿಸಿ ಉಣಿಸಬಾರದು ಎಂಬುದೇ ತಾಯಂದಿರಿಗೆ ಹೇಳುವ ಪಟ್ಟಿಯಲ್ಲಿ ಮೊದಲನೆಯ ಮಾತು. ಆ ಮಾತನ್ನು ನಾನೇ ದಪ್ಪ ಅಕ್ಷರದಲ್ಲಿ ಬರೆದು ಫೈಲಿನ ಮೇಲೆ ಅಂಟಿಸಿಕೊಂಡು ತಿರುಗುತ್ತಿದ್ದೆ.

ನಾಲ್ಕು ದಿನ ಎಲ್ಲವೂ ಚೆನ್ನಾಗಿ ನಡೆಯಿತು. ಸೊಪ್ಪು, ಕಾಳು, ಕ್ಯಾರೆಟ್ ಎಲ್ಲವೂ ಒಳಗೆ ಹೋದವು. ಐದನೆಯ ದಿನ ಅವಳು ತಟ್ಟೆಯ ಅಂಚಿನಲ್ಲಿ ಪಲ್ಯದ ಒಂದು ಸಣ್ಣ ಗುಡ್ಡೆ ಮಾಡಿ, "ಇದು ಉಳ್ಕಿದು" ಎಂದಳು.

"ಅವಳಿಗೆ ಕೊಟ್ರೆ ಬೆಳೀತಾಳೆ ಅಂತ ಹೇಳಿಲ್ವಾ?"

"ಬೆಳೀಲಿ ಬಿಡು. ಪಾಪ, ಅವಳಿಗೆ ಯಾರೂ ಉಣ್ಸಲ್ಲ."

ಪಲ್ಯವನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲ ಹಿಂದೆ ಹೋದಳು. ಹೊರಗೆ ಬಂದಾಗ ಕೈ ಖಾಲಿ. ಅವಳು ಆಟಕ್ಕೆ ಹೋದ ಮೇಲೆ ನಾನು ಬಟ್ಟೆ ತಂದು, ನೆಲದ ಮೇಲಿನ ಪಲ್ಯವನ್ನೂ ಅದಕ್ಕೆ ಮುತ್ತಿದ್ದ ಇರುವೆಯನ್ನೂ ಒರೆಸಿದೆ. ಮರುದಿನವೂ ಒರೆಸಿದೆ. ಗೋಡೆಯ ಮೇಲಿನ ಬೆರಳಚ್ಚುಗಳು ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಹೀಗೆ ಒಂದು ವಾರ ಕಳೆದಿರಬೇಕು. ಒಂದು ದಿನ ಒರೆಸಲು ಹೋದರೆ ಅಲ್ಲಿ ಏನೂ ಇರಲಿಲ್ಲ. ನಾನು ಈರುಳ್ಳಿ ಹೆಚ್ಚುತ್ತ ಅಲ್ಲೇ ನಿಂತಿದ್ದೆ. ಅವಳು ತುಂಬಿದ ಮುಷ್ಟಿಯೊಂದಿಗೆ ಒಳಗೆ ಹೋದದ್ದನ್ನೂ ಖಾಲಿ ಕೈಯಲ್ಲಿ ಬಂದದ್ದನ್ನೂ ಕಣ್ಣಾರೆ ಕಂಡಿದ್ದೆ. ನೆಲ ಒಣಗಿತ್ತು. ಒಂದು ಇರುವೆಯೂ ಇರಲಿಲ್ಲ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ, ಕಿಟಕಿಗೆ ಜಾಲರಿಯಿದೆ. ತಾನೇ ತಿಂದಿರಬೇಕು ಎಂದು ಖುಷಿಯಿಂದ, "ಆ ಮಾಡು ನೋಡಾಣ" ಎಂದೆ. ಅವಳು ಬಾಯಿ ತೆರೆದಳು. ನಾಲಿಗೆ, ಹಲ್ಲು, ಗಂಟಲು ಎಲ್ಲವೂ ತೊಳೆದಿಟ್ಟಂತಿದ್ದವು. ಹಸಿರಿನ ಒಂದು ಎಳೆ ಕೂಡ ಇರಲಿಲ್ಲ.

ಆಮೇಲೆ ಒರೆಸುವ ಕೆಲಸ ನನಗೆ ಬರಲೇ ಇಲ್ಲ.

ನಾನು ವಿಜ್ಞಾನ ಓದಿದವಳು. ಇಲಿ ಇರಬಹುದು ಎಂದುಕೊಂಡೆ. ಇಲಿ ಬೋನು ತಂದು ಬಾಗಿಲ ಹಿಂದೆ ಇಟ್ಟೆ. ಕೊಬ್ಬರಿ ಚೂರು ಮೂರು ದಿನ ಹಾಗೆಯೇ ಇತ್ತು, ಇಂಚರಳ ಪಲ್ಯ ಮಾತ್ರ ಇರುತ್ತಿರಲಿಲ್ಲ. ನಾಲ್ಕನೆಯ ದಿನ ಬೋನನ್ನು ತೆಗೆದು ಅಟ್ಟದ ಮೇಲೆ ಹಾಕಿದೆ. ಅದನ್ನು ನೋಡಿದಷ್ಟೂ ನನಗೆ ಭಯವಾಗುತ್ತಿತ್ತು.

ತಿಂಗಳ ಕೊನೆಯಲ್ಲಿ ನಮ್ಮದೇ ಒಂದು ಅಂಗನವಾಡಿಯ ತೂಕದ ಯಂತ್ರದ ಮೇಲೆ ಅವಳನ್ನು ನಿಲ್ಲಿಸಿದೆ. ಮಕ್ಕಳ ಬೆಳವಣಿಗೆಯ ಪಟ್ಟಿಯಲ್ಲಿ ಚುಕ್ಕಿಯಿಟ್ಟು ಗೆರೆ ಎಳೆಯುವುದು ನನಗೆ ಕಣ್ಣು ಮುಚ್ಚಿಯೂ ಬರುವ ಕೆಲಸ. ಆ ಸಲ ಎರಡು ಬಾರಿ ತೂಗಿ ಚುಕ್ಕಿಯಿಟ್ಟೆ. ಗೆರೆ ಹಿಂದಿನ ತಿಂಗಳಿಗಿಂತ ಕೆಳಗಿಳಿದಿತ್ತು. ಮನೆಗೆ ಬಂದು ಕಾದು ನೋಡಿದೆ. ಅವಳು ಸೊಪ್ಪನ್ನಷ್ಟೇ ಅಲ್ಲ, ಅನ್ನ ಮೊಸರನ್ನೂ ಬಾಗಿಲ ಹಿಂದಕ್ಕೆ ಸಾಗಿಸುತ್ತಿದ್ದಳು.

"ಮೊಸರನ್ನ ನಿಂಗಿಷ್ಟ ಅಲ್ವೇನೆ? ಅದನ್ನ ಯಾಕೆ ಕೊಟ್ಟೆ?"

"ಅವಳಿಗೆ ಹಸಿವು ಅಮ್ಮ. ತುಂಬಾ ದಿವಸದಿಂದ ಹಸಿವಂತೆ."

ಇನ್ನು ಸಾಕು ಎಂದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. "ಕೇಳಿಲ್ಲಿ. ಉಳ್ಕಿ ಅಂತ ಯಾರೂ ಇಲ್ಲ. ನೀನು ಉಣ್ಲಿ ಅಂತ ನಾನೇ ಸುಮ್ನೆ ಕತೆ ಹೇಳಿದ್ದು" ಎಂದೆ. ಅವಳು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ಅಷ್ಟು ವಯಸ್ಸಾದ ನೋಟ ಅಷ್ಟು ಸಣ್ಣ ಮುಖದಲ್ಲಿ ಇರಬಾರದು.

"ಮೆಲ್ಲಗೆ ಮಾತಾಡು. ಕೇಳಿಸ್ಕಂತಾಳೆ."

"ಹಂಗಾದ್ರೆ ಹೇಳು, ಹೆಂಗವಳೆ ಅವಳು?" ಎಂದೆ. ತಡವರಿಸುತ್ತಾಳೆ, ಹಿಡಿದುಹಾಕೋಣ ಎಂಬ ಲೆಕ್ಕಾಚಾರ ನನ್ನದು.

ಅವಳು ತಡವರಿಸಲಿಲ್ಲ. ಬಾಗಿಲ ಕಡೆಗೆ ಕತ್ತು ಹೊರಳಿಸಿ, ನೋಡಿ ಹೇಳುವವಳಂತೆ ಹೇಳಿದಳು: "ಎರಡು ಜಡೆ ಅವೆ. ಕೆಂಪು ಲಂಗ. ಒಂದು ಕಿವಿ ಹರಿದೈತೆ."

"ಯಾವ ಕಿವಿ?"

ಇಂಚರ ತನ್ನ ಎಡಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದಳು.

ನನಗೊಬ್ಬಳು ತಂಗಿಯಿದ್ದಳು. ಈ ವಾಕ್ಯವನ್ನು ಅಲ್ಲಿಯವರೆಗೆ ನಾನು ಯಾರ ಮುಂದೆಯೂ ಆಡಿರಲಿಲ್ಲ. ಹೆಸರು ಕೆಂಚಮ್ಮ, ಕರೆಯುತ್ತಿದ್ದದ್ದು ಕೆಂಚಿ ಎಂದು. ನಮ್ಮದು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ ಕಡೆಯ ಕುರಿ ಸಾಕುವ ಮನೆ. ಅವ್ವ ಮಧ್ಯಾಹ್ನ ಹೊಲಕ್ಕೆ ಹೋಗುವ ಮುಂಚೆ ಹಿಂದಿನ ಕೋಣೆಯ ಒರಳುಕಲ್ಲಿನ ಪಕ್ಕ ನಮ್ಮಿಬ್ಬರನ್ನೂ ಕೂರಿಸಿ, ಎರಡು ಬಟ್ಟಲಿಗೆ ಮುದ್ದೆ ಸೊಪ್ಪಿನಸಾರು ಹಾಕಿಟ್ಟು ಹೋಗುತ್ತಿದ್ದಳು. ನನಗಾಗ ಆರು ವರ್ಷ, ಕೆಂಚಿಗೆ ನಾಲ್ಕು. ಸೊಪ್ಪೆಂದರೆ ನನಗೆ ಗಂಟಲಲ್ಲಿ ಕೂದಲು ಸಿಕ್ಕಿದಂತಾಗುತ್ತಿತ್ತು. ಅವ್ವ ಮರೆಯಾದ ಕೂಡಲೇ ನನ್ನ ಬಟ್ಟಲಿನ ಸೊಪ್ಪನ್ನೆಲ್ಲ ಬಾಚಿ ಅವಳ ಬಾಯಿಗೆ ಇಡುತ್ತಿದ್ದೆ. ಅವಳು ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದಳು. ಸಂಜೆ ಅವ್ವ ನನ್ನ ಖಾಲಿ ಬಟ್ಟಲನ್ನು ನೋಡಿ, "ನನ್ನ ಮಗಳು ಜಾಣೆ" ಎನ್ನುತ್ತಿದ್ದಳು. ಆ ಹೊಗಳಿಕೆಯನ್ನು ಮಾತ್ರ ನಾನೊಬ್ಬಳೇ ತಿನ್ನುತ್ತಿದ್ದೆ.

ಕುರಿರೊಪ್ಪದ ಮುಳ್ಳುಬೇಲಿಯೊಳಗೆ ಮರಿ ಹಿಡಿಯಲು ನುಗ್ಗಿದಾಗ ಓಲೆ ಮುಳ್ಳಿಗೆ ಸಿಕ್ಕಿ ಕೆಂಚಿಯ ಎಡಗಿವಿ ಹರಿದಿತ್ತು. ಅಪ್ಪ ಅರಿಶಿನ ಒತ್ತಿ ರಕ್ತ ನಿಲ್ಲಿಸಿದ್ದರು. ಹಾಲೆ ಎರಡು ಸೀಳಾಗಿಯೇ ಉಳಿಯಿತು.

ಅದೇ ವರ್ಷ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅವ್ವ ಹೊಲದಿಂದ ತಂದ ಅಣ್ಣೆಸೊಪ್ಪಿನ ಸಾರು ಮಾಡಿದ್ದಳು. ನಾನು ನನ್ನ ಪಾಲನ್ನೆಲ್ಲ ಕೆಂಚಿಗೆ ತಿನ್ನಿಸಿದೆ. ಅವಳು ಉಂಡು, ಸ್ವಲ್ಪ ಹೊತ್ತಿನಲ್ಲೇ ವಾಂತಿ ಮಾಡಿಕೊಂಡಳು. ಸಂಜೆಗೆ ಮೈ ಸುಡುತ್ತಿತ್ತು. ಮೂರನೆಯ ದಿನ ಹಿರಿಯೂರಿನ ಆಸ್ಪತ್ರೆಗೆಂದು ಒಯ್ದವರು ಅವಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ವಾಪಸು ತಂದರು. ಆ ದಿನಗಳಲ್ಲಿ ನನಗೂ ಮೈ ಸರಿಯಿರಲಿಲ್ಲವಂತೆ, ನನಗೆ ನೆನಪಿಲ್ಲ. ನೆನಪಿರುವುದು ಒಂದೇ: ನನ್ನ ಪಾಲು ಉಂಡು ಅವಳು ಸತ್ತಳು ಎಂದು ನಾನು ತೀರ್ಮಾನ ಮಾಡಿಕೊಂಡದ್ದು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳದೊಂದು ಫೋಟೋ ಕೂಡ ತೆಗೆಸಿರಲಿಲ್ಲ. ಆಮೇಲೆ ಹುಟ್ಟಿದ ನನ್ನ ತಮ್ಮನಿಗೆ ಹೀಗೊಬ್ಬಳು ಅಕ್ಕ ಇದ್ದಳೆಂಬುದೇ ಗೊತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಆ ಹರಿದ ಕಿವಿಯನ್ನು ಬಲ್ಲವರು ನಮ್ಮ ಮನೆಯಲ್ಲಿ ಇಬ್ಬರೇ, ನಾನು ಮತ್ತು ಅವ್ವ.

ಇನ್ನೂ ಒಂದನ್ನು ಒಪ್ಪಿಕೊಂಡುಬಿಡುತ್ತೇನೆ. ತಾಲ್ಲೂಕಿಗೆಲ್ಲ ಸೊಪ್ಪಿನ ಮಹಿಮೆ ಹೇಳುವ ಈ ಮೇಲ್ವಿಚಾರಕಿ ಆ ದಿನದಿಂದ ಒಂದೆಳೆ ಸೊಪ್ಪನ್ನೂ ಬಾಯಿಗೆ ಇಟ್ಟಿರಲಿಲ್ಲ. ನನಗೆ ಗ್ಯಾಸ್ ತೊಂದರೆಯೆಂದು ತಿಪ್ಪೇಶ್ ನಂಬಿಕೊಂಡಿದ್ದರು.

ಅವ್ವನಿಗೆ ಫೋನು ಮಾಡಿದೆ. "ಅವ್ವಾ, ಇಂಚರಗೆ ನೀನು ಕೆಂಚಿ ವಿಷಯ ಏನಾರ ಹೇಳಿದ್ಯಾ?"

ಆ ಕಡೆ ಕುರಿಗಳ ಸದ್ದು ದೂರವಾಯಿತು, ಫೋನು ಹಿಡಿದು ಆಚೆ ಬಂದಿರಬೇಕು. ಆಮೇಲೆ ಅವ್ವ ಹೇಳಿದಳು: "ಆ ಹೆಸರು ನನ್ನ ಬಾಯಾಗೇ ಬಂದಿಲ್ಲ ಕಣೆ, ಇಷ್ಟು ವರ್ಷದಾಗೆ. ನಾನ್ಯಾಕೆ ಮಗೂ ಮುಂದೆ ಹೇಳ್ಲಿ?" ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೆಚ್ಚಲೂ ಇಲ್ಲ, ನನ್ನನ್ನು ಬೈಯಲೂ ಇಲ್ಲ. "ಭಾನುವಾರ ಕರ್ಕಂಡ್ ಬಾ" ಎಂದಳು.

ಭಾನುವಾರ ಬೆಳಿಗ್ಗೆ ಹಿರಿಯೂರಿನ ಬಸ್ಸು ಹತ್ತಿದೆವು. ಖಾಲಿ ಬಸ್ಸು. ಇಬ್ಬರು ಕೂರುವ ಸೀಟಿನಲ್ಲಿ ಇಂಚರ ಕಿಟಕಿಯ ಪಕ್ಕದ ಜಾಗ ಬಿಟ್ಟು ನನ್ನ ತೊಡೆಯ ಮೇಲೆ ಕೂತಳು. ಕಂಡಕ್ಟರು ಬಂದು, "ಮಗೂನ ಸೀಟಾಗೆ ಕೂರ್ಸಮ್ಮ, ಅಷ್ಟು ಜಾಗ ಐತಲ್ಲ" ಎಂದ.

"ಅಲ್ಲಿ ಉಳ್ಕಿ ಕುಂತವಳೆ" ಎಂದಳು ಇಂಚರ.

"ಹೌದೇನವ್ವ? ಹಂಗಾದ್ರೆ ಅವಳಿಗೂ ಒಂದು ಟಿಕೀಟು ತಗಳ್ರಿ" ಎಂದು ಅವನು ನಕ್ಕು ಮುಂದೆ ಹೋದ. ನಗಲು ನನ್ನಿಂದಾಗಲಿಲ್ಲ. ದಾರಿಯುದ್ದಕ್ಕೂ ಗುಡ್ಡಗಳ ಮೇಲೆ ಗಾಳಿಫ್ಯಾನುಗಳು ತಿರುಗುತ್ತಿದ್ದವು. ನಾನು ಅವುಗಳನ್ನೇ ನೋಡುತ್ತ ಕೂತೆ. ನೋಡಲು ಕಿಟಕಿಯ ಕಡೆಗೆ ತಿರುಗಬೇಕಿತ್ತು. ತಿರುಗಿದಾಗೆಲ್ಲ ಆ ಖಾಲಿ ಜಾಗವೇ ಮೊದಲು ಕಣ್ಣಿಗೆ ಬೀಳುತ್ತಿತ್ತು. ರೆಕ್ಸಿನ್ ಸೀಟು ಯಾರೋ ಕೂತಷ್ಟು ತಗ್ಗಿತ್ತು. ಹಳೆಯ ಬಸ್ಸು, ಸೀಟುಗಳೆಲ್ಲ ಹಾಗೆಯೇ ಇರುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ.

ಮನೆ ತಲುಪಿದಾಗ ಮಧ್ಯಾಹ್ನ. ತಮ್ಮನೂ ಅವನ ಹೆಂಡತಿ ರೂಪಳೂ ಕುರಿ ಹೊಡೆದುಕೊಂಡು ಹೋಗಿದ್ದರು. ಅವರ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವ್ವ ಮುದ್ದೆ ತೊಳಸಿ, ಬೆರಕೆಸೊಪ್ಪಿನ ಸಾರು ಮಾಡಿಟ್ಟಿದ್ದಳು. ನಾವು ಈಗ ಉಣ್ಣುವುದು ಮುಂದಿನ ಪಡಸಾಲೆಯಲ್ಲಿ. ಹಿಂದಿನ ಕೋಣೆಯಲ್ಲಿ ಈಗ ಹಿಂಡಿ ಚೀಲ, ಉಣ್ಣೆ ಮೂಟೆ ತುಂಬಿಕೊಂಡಿರುತ್ತವೆ. ಇಂಚರ ಆ ಕೋಣೆಗೆ ಎಂದೂ ಹೋದವಳಲ್ಲ. ಅವತ್ತು ಚಪ್ಪಲಿ ಬಿಟ್ಟವಳೇ ಪಡಸಾಲೆ ದಾಟಿ, ಮೂಟೆಗಳ ಸಂದಿಯಲ್ಲಿ ನುಸುಳಿ, ಒರಳುಕಲ್ಲಿನ ಪಕ್ಕ ಹೋಗಿ ಕೂತಳು. ಎಡಗಡೆಗೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು.

"ಅಜ್ಜಿ, ಇನ್ನೊಂದು ತಟ್ಟೆ."

ಅವ್ವ ನನ್ನ ಮುಖ ನೋಡಿದಳು. ಮೂರು ತಟ್ಟೆ ತಂದು ಹಾಕಿದಳು. ನಾನು ಇಂಚರಳ ಎದುರಿಗೆ ಕೂತೆ. ಹಿತ್ತಲಾಚೆಯ ಗುಡ್ಡದ ಮೇಲೆ ಫ್ಯಾನು ತಿರುಗುವ ಸದ್ದು ಆ ಕೋಣೆಯೊಳಗೆ ಯಾರೋ ಉಸಿರಾಡಿದಂತೆ ಕೇಳುತ್ತಿತ್ತು. ಅವ್ವ ಮೂರೂ ತಟ್ಟೆಗೆ ಬಡಿಸಿ ಮುಗಿಸಿದಳು. ಆಮೇಲೆ ಇಂಚರ ಯಾರ ಮಾತನ್ನೋ ಕೇಳಿಸಿಕೊಳ್ಳುವವಳಂತೆ ಎಡಕ್ಕೆ ಬಾಗಿ, ನೆಟ್ಟಗಾದಳು.

"ಅಮ್ಮ, ನೀನೂ ಸೊಪ್ಪು ತಿಂತಿರ್ಲಿಲ್ವಂತೆ. ಎಲ್ಲಾ ಅವಳ ಬಾಯಿಗೇ ಇಡ್ತಿದ್ಯಂತೆ."

ನನ್ನ ಕೈಯಲ್ಲಿದ್ದ ನೀರಿನ ಲೋಟ ಜಾರಿತು. ಅದು ಉರುಳಿ ಮೂಟೆಗೆ ಬಡಿದು ನಿಂತಿತು. ಇಪ್ಪತ್ತೆಂಟು ವರ್ಷ ಹಲ್ಲು ಕಚ್ಚಿ ಹಿಡಿದದ್ದು ಆಗ ಹೊರಗೆ ಬಂತು. ಮಗಳು ಎದುರಿಗಿದ್ದಾಳೆಂಬುದನ್ನೂ ಮರೆತು ಅತ್ತೆ.

"ಅವ್ವಾ, ಆವತ್ತು ನನ್ನ ಪಾಲೂ ಅವಳಿಗೇ ತಿನ್ಸಿದ್ದೆ. ಅಣ್ಣೆಸೊಪ್ಪು. ಅದಕ್ಕೇ ಅವಳಿಗೆ ವಾಂತಿ ಆಗಿದ್ದು. ಅದಕ್ಕೇ ಅವಳು..."

"ಸೊಪ್ಪು ಉಂಡು ಯಾರಾರ ಸಾಯ್ತಾರೇನೆ?" ಅವ್ವ ಸೌಟನ್ನು ಪಾತ್ರೆಗೆ ಇಟ್ಟು ನನ್ನ ಪಕ್ಕ ಕೂತಳು. "ಅದು ಜ್ವರ ಕಣವ್ವ. ಆ ಸಲ ನಮ್ಮೂರಾಗೆ ಇನ್ನೂ ಎರಡು ಮಕ್ಕಳು ಹೋದ್ವು. ನಿಂಗೂ ಬಂದಿತ್ತು. ನೀನು ಉಳ್ಕಂಡೆ, ಅವಳು ಹೋದ್ಳು. ಇದನ್ನ ಇಷ್ಟು ವರ್ಷ ಹೊಟ್ಟ್ಯಾಗೆ ಇಟ್ಕಂಡಿದ್ಯಾ? ಒಂದು ಮಾತು ಕೇಳಬಾರದಿತ್ತಾ?"

ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅವ್ವ ಮೂರನೆಯ ತಟ್ಟೆಯನ್ನು ನೋಡುತ್ತ ಹೇಳಿದಳು:

"ನಿಂಗೊಬ್ಳಿಗೇ ಸೊಪ್ಪು ಸೇರ್ತಿರ್ಲಿಲ್ಲ ಅನ್ಕಂಡ್ಯಾ? ಅವಳಿಗೂ ಸೇರ್ತಿರ್ಲಿಲ್ಲ. ನಾನು ಬಾಯಿಗಿಟ್ರೆ ಥೂ ಅಂತ ಉಗೀತಿದ್ಳು. ನೀನು ಇಟ್ರೆ ಮಾತ್ರ ನುಂಗ್ತಿದ್ಳು. ಅಕ್ಕ ಕೊಟ್ಟಿದ್ದು ಅಂತ. ನಾನು ಒಂದಿನ ಬಾಗ್ಲ ಹಿಂದೆ ನಿಂತ್ಕಂಡು ನೋಡ್ದೆ. ಆವತ್ತಿಂದ ನಿನ್ನ ಬಟ್ಲಿಗೆ ಒಂದು ಸೌಟು ಜಾಸ್ತೀನೇ ಹಾಕ್ತಿದ್ದೆ. ನಿನ್ನ ಕೈಯಿಂದ ಅವಳ ಹೊಟ್ಟೆ ಸೇರ್ಲಿ ಅಂತ."

ನನ್ನ ಕಳ್ಳತನ ಅವ್ವನಿಗೆ ಮೊದಲಿಂದಲೂ ಗೊತ್ತಿತ್ತು. ಗೊತ್ತಿದ್ದೇ ಜಾಣೆ ಎಂದು ಹೊಗಳುತ್ತಿದ್ದಳು. ಎರಡು ಹಟಮಾರಿ ಮಕ್ಕಳಲ್ಲಿ ಒಂದಕ್ಕಾದರೂ ಸೊಪ್ಪು ಸೇರಲಿ ಎಂದು ಅವಳು ಮಾಡಿದ ಉಪಾಯ ಅದು. ನಾನು ಓದಿದ ಯಾವ ತರಬೇತಿಯ ಪುಸ್ತಕದಲ್ಲೂ ಅದಿರಲಿಲ್ಲ.

ಮುದ್ದೆ ಮುರಿದು, ಸೊಪ್ಪನ್ನು ಅದರ ಮೇಲಿಟ್ಟು, ಬಾಯಿಗೆ ಹಾಕಿಕೊಂಡೆ. ಗಂಟಲಲ್ಲಿ ಅದೇ ಕೂದಲು. ನುಂಗಿದೆ. ಎರಡನೆಯ ತುತ್ತು ಅಷ್ಟು ಕಷ್ಟವಾಗಲಿಲ್ಲ. ಇಂಚರ ಅಲುಗಾಡದೆ ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಸೊಪ್ಪು ಉಣ್ಣುವುದನ್ನು ಅವಳು ಹುಟ್ಟಿದಾರಭ್ಯ ನೋಡಿರಲಿಲ್ಲ. ಇದು ಹೊಳೆಯಲ್ಲಿ ಮೀನು ಹಾರಿದಂತೆ ನನ್ನ ತಲೆಯಲ್ಲಿ ಹೊಳೆದದ್ದೂ ಆಗಲೇ. ಕಾಮನಬಿಲ್ಲಿನ ತಟ್ಟೆಯನ್ನು ಊರಿಗೆಲ್ಲ ತೋರಿಸಿದೆ. ನನ್ನ ತಟ್ಟೆಯಲ್ಲಿ ಇದ್ದದ್ದು ಅನ್ನ ಮತ್ತು ಮೊಸರು.

"ನಿನ್ನ ತಟ್ಟೇದು ಕೊಡು" ಎಂದಳು ಇಂಚರ.

ಸಣ್ಣ ತುತ್ತು ಮಾಡಿ ಅವಳ ಬಾಯಿಗಿಟ್ಟೆ. ಮುಖ ಕಿವುಚಿದಳು, ಉಗಿಯಲಿಲ್ಲ. ಅಗಿದು ನುಂಗಿದಳು. ಆಮೇಲೆ ಎಡಕ್ಕೆ ತಿರುಗಿ, ಮೆಲ್ಲಗೆ ಏನೋ ಹೇಳಿದಳು. ಏನು ಹೇಳಿದೆ ಎಂದು ನಾನು ಕೇಳಲಿಲ್ಲ. ನಾನೂ ಇಂಚರಳೂ ಒಂದೇ ತಟ್ಟೆಯಲ್ಲಿ ಉಂಡೆವು. ನಾವು ಎದ್ದ ಮೇಲೆ ಅವ್ವ ಮೂರನೆಯ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಹಿತ್ತಲಿಗೆ ಒಯ್ದಳು. ಅದರಲ್ಲಿ ಊಟ ಇತ್ತೋ ಇರಲಿಲ್ಲವೋ ನಾನು ನೋಡಲಿಲ್ಲ. ಅವಳೂ ಹೇಳಲಿಲ್ಲ.

ಸಂಜೆ ವಾಪಸು ಬರುವಾಗ ಬಸ್ಸಿನಲ್ಲಿ ಇಂಚರ ಓಡಿಹೋಗಿ ಕಿಟಕಿಯ ಪಕ್ಕದ ಸೀಟಿನಲ್ಲಿ ತಾನೇ ಕೂತು, ಗಾಳಿಗೆ ಮುಖವೊಡ್ಡಿದಳು. ಧೈರ್ಯ ಮಾಡಿ ಕೇಳಿದೆ, "ಉಳ್ಕಿ ಎಲ್ಲಿ?"

"ಅಜ್ಜಿ ಹತ್ರ ಇರ್ತಾಳಂತೆ" ಎಂದು ಹೇಳಿ, ಹೊರಗಿನ ಕುರಿ ಎಣಿಸತೊಡಗಿದಳು.

ಆಮೇಲೆ ಬಾಗಿಲ ಹಿಂದಕ್ಕೆ ಅವಳು ಹೋಗಲಿಲ್ಲ. ತಿಪ್ಪೇಶರಿಗೆ ಕೆಂಚಿಯ ವಿಷಯ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು. ಉಳ್ಕಿಯ ವಿಷಯ ಹೇಳಲಿಲ್ಲ. ಮನೆಯಲ್ಲಿ ಈಗ ದಿನವೂ ಯಾವುದಾದರೊಂದು ಸೊಪ್ಪು ಇರುತ್ತದೆ. ನಾನು ಮುಖ ಕಿವುಚದೆ ಉಣ್ಣಲು ಕಲಿಯುತ್ತಿದ್ದೇನೆ. ಇಂಚರ ನನ್ನ ತಟ್ಟೆಯಿಂದ ಕದ್ದು ಉಣ್ಣುತ್ತಾಳೆ, ನಾನು ಕಾಣದವಳಂತೆ ಇರುತ್ತೇನೆ. ಬೀಟ್ರೂಟ್ ಮಾತ್ರ ಇನ್ನೂ ಸೇರುವುದಿಲ್ಲ, ನಿಜ ಹೇಳಬೇಕೆಂದರೆ ನನಗೂ ಸೇರುವುದಿಲ್ಲ. ಡಾಕ್ಟರು ಮತ್ತೆ ಕೆಳರೆಪ್ಪೆ ಎಳೆದು ನೋಡಿ, "ಪರವಾಗಿಲ್ಲ, ಕೆಂಪಾಗೈತೆ. ಏನ್ ಮಾಡಿದ್ರಿ?" ಎಂದರು. ಪಟ್ಟಿಯ ಮೇಲಿನ ಗೆರೆಯೂ ಮೇಲಕ್ಕೆ ತಿರುಗಿದೆ.

ಮೊನ್ನೆ ರೂಪ ಫೋನು ಮಾಡಿದ್ದಳು. ಅದೂ ಇದೂ ಮಾತಾಡಿದ ಮೇಲೆ ದನಿ ತಗ್ಗಿಸಿದಳು.

"ಅಕ್ಕಾ, ಅತ್ತೆ ಯಾಕೋ ಒಂಥರಾ ಆಡ್ತಾವ್ರೆ. ದಿನಾ ಮಧ್ಯಾಹ್ನ ಸೊಪ್ಪಿನ ಸಾರಿಗೆ ನೀರು ಒಂದು ಲೋಟ ಜಾಸ್ತಿ ಇಡ್ಸ್ತಾರೆ. ಬಟ್ಲಿಗೆ ಹಾಕ್ಕಂಡು ಹಿಂದಿನ ಕೋಣೆಗೆ ಹೋಗಿ ಬಾಗ್ಲು ಎಳ್ಕಂತಾರೆ. ಒಳಗೆ ಮಾತಾಡೋದು ಕೇಳಿಸ್ತೈತೆ. ಬರುವಾಗ ಬಟ್ಲು ಖಾಲಿ. ಏನತ್ತೆ ಅಂದ್ರೆ, ಮಗೂಗೆ ಉಣ್ಸಿ ಬಂದೆ ಅಂತಾರೆ. ನಮ್ಮ ಮನ್ಯಾಗೆ ಮಗು ಎಲ್ಲೈತಕ್ಕ?"

ಡಾಕ್ಟರಿಗೆ ತೋರಿಸು ಎನ್ನಲೇ, ದೇವರ ಹತ್ತಿರ ಕೇಳಿಸು ಎನ್ನಲೇ ಎಂದು ಯೋಚಿಸಿದೆ. ಅವ್ವ ಹೇಗಿದ್ದಾಳೆಂದು ಕೇಳಿದೆ. "ಆರೋಗ್ಯವಾಗಿ ಅವ್ರೆ ಅಕ್ಕ. ಮುಂಚಿಗಿಂತ ಗೆಲುವಾಗೇ ಅವ್ರೆ. ನಗ್ತಾ ಇರ್ತಾರೆ" ಎಂದಳು ರೂಪ.

"ಹಂಗಿದ್ರೆ ಇರ್ಲಿ ಬಿಡು ರೂಪಾ" ಎಂದೆ. ಫೋನು ಇಡುವ ಮುಂಚೆ ಮತ್ತೆ ಕರೆದು ಹೇಳಿದೆ: "ಸಾರಿಗೆ ಖಾರ ಮಾತ್ರ ಸ್ವಲ್ಪ ಕಡಿಮೆ ಹಾಕು."